ಹಳೆ ಮಿಲ್ಲಿಂಗ್ ಮೆಷಿನ್: ಮಳೆಗಾಲ ಕಳೆದ ಮೇಲೆ ಸ್ಪಿಂಡಲ್ ಬಿಸಿ, ಗರಗರ ಸದ್ದು

ಕುಶಾಲನಗರದಿಂದ ಪ್ರಶ್ನೆ:
ಬ್ರಿಡ್ಜ್‌ಪೋರ್ಟ್ ಮಾದರಿಯ ಹಳೆ ಮೆಷಿನ್, ಸ್ಟೆಪ್ ಪುಲ್ಲಿ ಹೆಡ್ (ಬೆಲ್ಟನ್ನು ಮೆಟ್ಟಿಲಿನಿಂದ ಮೆಟ್ಟಿಲಿಗೆ ಹಾಕಿ ವೇಗ ಬದಲಿಸೋದು), ಸ್ಪಿಂಡಲ್ (ಕಟರ್ ಹಿಡಿದು ತಿರುಗೋ ದಂಡ) ತುದಿಯಲ್ಲಿ ಆರ್8 ಟೇಪರ್ (ಟೂಲ್ ಕೂರೋ ಇಳಿಜಾರು ರಂಧ್ರ). ಕಾಫಿ ಪಲ್ಪರ್ ಶಾಫ್ಟ್‌ಗಳಿಗೆ ಕೀವೇ (ಕೀ ಕೂರೋ ಕಾಲುವೆ) ಹೊಡೆಯೋದೇ ಹೆಚ್ಚು. ಮಳೆಗಾಲವಿಡೀ ನಿಂತಿತ್ತು. ಈಗ 2720 ಆರ್‌ಪಿಎಂನಲ್ಲಿ ಹತ್ತೇ ನಿಮಿಷಕ್ಕೆ ಕ್ವಿಲ್ (ಸ್ಪಿಂಡಲ್ ಸುತ್ತಲಿನ, ಮೇಲೆ ಕೆಳಗೆ ಸರಿಯೋ ಕೊಳವೆ) ತುದಿ ಮುಟ್ಟಕ್ಕಾಗಲ್ಲ, ಗರಗರ ಸದ್ದು ಬೇರೆ. ಹಿಂದಿನ ಮಾಲೀಕರು ಬೇರಿಂಗ್ ಬಿಚ್ಚಿ ಲಾರಿ ಗ್ರೀಸ್ ತುಂಬಿಸಿದ್ದರಂತೆ. ಬೇರಿಂಗ್ ಬದಲಾಯಿಸಲೇಬೇಕಾ ಸರ್?

ಗೋಣಿಕೊಪ್ಪದಿಂದ ಉತ್ತರ:
ಮೊದಲು ಪರೀಕ್ಷೆ. ಬೆಲ್ಟ್ ತೆಗೆದು ಮೋಟಾರ್ ಒಂದನ್ನೇ ಓಡಿಸಿ. ಸದ್ದು ಅಲ್ಲೇ ಇದ್ದರೆ ಸ್ಪಿಂಡಲ್ ಬಿಚ್ಚೋದೇ ಬೇಡ. ಇಲ್ಲದಿದ್ದರೆ ಸ್ಪಿಂಡಲನ್ನು ಕೈಯಲ್ಲಿ ನಿಧಾನವಾಗಿ ತಿರುಗಿಸಿ. ನುಣ್ಣಗೆ ತಿರುಗಿಯೂ ಭಾರ ಅನಿಸಿದರೆ ಗ್ರೀಸ್ ಜಾಸ್ತಿಯಾಗಿದೆ: ಬಾಲ್‌ಗಳು ಅದನ್ನು ಕಡೆಯುತ್ತಾ ಇರೋದರಿಂದಲೇ ಬಿಸಿ. ತಡೆದು ತಡೆದು ತಿರುಗಿದರೆ ಬಾಲ್ ಓಡೋ ಉಂಗುರಕ್ಕೆ, ಅಂದರೆ ರೇಸ್‌ಗೆ ತುಕ್ಕು ಹಿಡಿದಿದೆ. ನಮ್ಮ ಮಳೆಯಲ್ಲಿ ನಿಂತ ಬೇರಿಂಗಿಗೆ ಬಾಲ್ ಕೂತ ಜಾಗದಲ್ಲೇ ತೇವ ಸೇರಿ, ಬಾಲ್‌ಗಳ ಅಂತರಕ್ಕೆ ಸರಿಯಾಗಿ ಗುಳಿ ಬೀಳುತ್ತೆ. ಅದಕ್ಕೆ ಯಾವ ಗ್ರೀಸೂ ಮದ್ದಲ್ಲ, ಜೋಡಿ ಬದಲಾಯಿಸಬೇಕು. ಟೇಪರ್ ಒಳಗೆ ಡಯಲ್ ಗೇಜ್ ಇಟ್ಟೂ ನೋಡಿ, ಓಲಾಟ 0.01 ಮಿ.ಮೀ. ದಾಟಿದರೆ ಅನುಮಾನ ಪಡಿ.

ಕುಶಾಲನಗರ:
ನುಣ್ಣಗೇ ಇದೆ, ಆದರೆ ಭಾರ. ಡಯಲ್ 0.006 ತೋರಿಸ್ತು. ಬಿಚ್ಚಿದ್ದೀನಿ; ಸೀಲ್ ಇಲ್ಲದ 7207 ನಂಬರಿನ ಬೇರಿಂಗ್ ಜೋಡಿ. ಗ್ರೀಸ್ ಎಷ್ಟು ಹಾಕಲಿ?

ಗೋಣಿಕೊಪ್ಪ:
ಹಾಗಾದರೆ ಬೇರಿಂಗ್ ಉಳಿಯಿತು. ಮೊದಲು ಎರಡೂ ಬೇರಿಂಗ್ ಯಾವ ಕಡೆ ಮುಖ ಮಾಡಿದ್ದವು ಅಂತ ಗುರುತು ಹಾಕಿಕೊಳ್ಳಿ. ನಡುವಿನ ಅಂತರದ ಉಂಗುರ, ಅಂದರೆ ಸ್ಪೇಸರ್‌ಗಳ ಮುಖ ಉಜ್ಜಬೇಡಿ, ಪ್ರೀಲೋಡ್ (ಸಡಿಲ ಇಲ್ಲದಂತೆ ಬೇರಿಂಗಿಗೆ ಕೊಟ್ಟ ಒತ್ತಡ) ನಿಂತಿರೋದು ಅವುಗಳ ಉದ್ದದ ಮೇಲೇ. ಹಳೆ ಗ್ರೀಸ್ ಪೂರ್ತಿ ಹೋಗಲಿ, ಎರಡು ಜಾತಿಯ ಗ್ರೀಸ್ ಬೆರೆತರೆ ಕೆಲವೊಮ್ಮೆ ತೆಳುವಾಗಿ ಸೋರಿಹೋಗುತ್ತೆ. ಶುದ್ಧ ವೈಟ್ ಸ್ಪಿರಿಟ್‌ನಲ್ಲಿ ಎರಡು ಮೂರು ಸಲ ತೊಳೆದು, ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲ್. ಕಂಪ್ರೆಸರ್ ಗಾಳಿ ಬೇಡವೇ ಬೇಡ: ಈ ಹವೆಯಲ್ಲಿ ಟ್ಯಾಂಕ್ ತುಂಬ ನೀರು, ಮೇಲಾಗಿ ಎಣ್ಣೆಯಿಲ್ಲದೆ ಗಾಳಿಗೆ ಗಿರಗಿರ ತಿರುಗಿದ ಬೇರಿಂಗ್ ಗೀರಿಹೋಗುತ್ತೆ.

ಗ್ರೀಸ್ ಲೆಕ್ಕ ಹೀಗೆ. 7207ರ ಒಳವ್ಯಾಸ 35, ಹೊರವ್ಯಾಸ 72, ಅಗಲ 17 ಮಿ.ಮೀ.; ಆ ಉಂಗುರದ ಗಾತ್ರ ಸುಮಾರು 53 ಘನ ಸೆಂ.ಮೀ. ತೂಕ ಸುಮಾರು 280 ಗ್ರಾಂ, ಅಂದರೆ ಉಕ್ಕಿನ ಗಾತ್ರ 36. ಉಳಿದ ಖಾಲಿ ಜಾಗ 17. ಅದರ ಕಾಲು ಭಾಗ, ಅಂದರೆ ಒಂದೊಂದಕ್ಕೆ 4 ಮಿ.ಲೀ. ಸೂಜಿಯಿಲ್ಲದ ಸಿರಿಂಜಲ್ಲಿ ಅಳೆದು ಬಾಲ್‌ಗಳ ನಡುವೆ ಸಮನಾಗಿ ಹಚ್ಚಿ. ಕಮ್ಮಿಯಾಯ್ತು ಅನಿಸುತ್ತೆ, ಆದರೂ ಮತ್ತೆ ಹಾಕಬೇಡಿ. ಎನ್‌ಎಲ್‌ಜಿಐ 2 ದರ್ಜೆಯ (ಗ್ರೀಸಿನ ಗಟ್ಟಿತನದ ಅಳತೆ), ತೆಳು ಎಣ್ಣೆಯ ಸ್ಪಿಂಡಲ್ ಗ್ರೀಸನ್ನೇ ಕೇಳಿ ತನ್ನಿ. ಕ್ಲೂಬರ್ ಐಸೊಫ್ಲೆಕ್ಸ್ ಎನ್‌ಬಿಯು 15 ಆಗುತ್ತೆ.

ಜೋಡಿಸಿದ ಮೇಲೆ ಅತಿ ಕಡಿಮೆ ವೇಗದಲ್ಲಿ 20 ನಿಮಿಷ, ಆಮೇಲೆ ಒಂದೊಂದೇ ಪುಲ್ಲಿ ಮೆಟ್ಟಿಲು ಹತ್ತಿಸಿ. 55 ಡಿಗ್ರಿ ದಾಟಿದರೆ ನಿಲ್ಲಿಸಿ, ತಣಿದ ಮೇಲೆ ಮುಂದುವರಿಸಿ. ಶುರುವಿಗೆ ಬಿಸಿ ಏರುತ್ತೆ, ಗ್ರೀಸ್ ಪಕ್ಕಕ್ಕೆ ಸರಿದು ಕೂತ ಮೇಲೆ ಇಳಿಯುತ್ತೆ. ಏರುತ್ತಲೇ ಹೋದರೆ ಮತ್ತೆ ಬಿಚ್ಚಿ, ಸ್ಪೇಸರ್ ನಡುವೆ ಕಸ ಸಿಕ್ಕಿದೆಯಾ ನೋಡಿ.

ಮುಂದಿನ ಮಳೆಗೆ ವಾರಕ್ಕೊಮ್ಮೆ 15 ನಿಮಿಷ ಓಡಿಸಿ. ಹೊದಿಕೆಯ ಒಳಗೆ, ಬಟ್ಟೆಗೆ ತಾಗದ ಹಾಗೆ, ಹಳೇ ಕಾಲದ 40 ವ್ಯಾಟ್ ಬಲ್ಬ್ ಉರಿಸಿಟ್ಟರೆ ತಣ್ಣನೆ ಕಬ್ಬಿಣದ ಮೇಲೆ ಬೆವರು ಕೂರಲ್ಲ. ಎಲ್‌ಇಡಿ ಬಲ್ಬಿನ ಬಿಸಿ ಸಾಲಲ್ಲ.