ಪದಚರ್ಚೆ: ಲ್ಯಾಬಿನ ‘ಕಲ್ಚರ್’ – ಕೃಷಿಯೋ, ಸಾಕಣೆಯೋ, ಬೆಳೆಯೋ?

ಗೆಳೆಯರೇ,

ಜೀವವಿಜ್ಞಾನದ ಲ್ಯಾಬಿಗೆ ಹೊಸದಾಗಿ ಸೇರುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ‘ಕಲ್ಚರ್’ ಅನ್ನುವ ಪದದ ಹತ್ತಿರ ಬಂದು ನಿಂತಿದ್ದೇನೆ. ಜೀವಕೋಶವನ್ನೋ ಬ್ಯಾಕ್ಟೀರಿಯಾವನ್ನೋ ಲ್ಯಾಬಿನಲ್ಲಿ ಬೆಳೆಸುವುದಕ್ಕೂ, ಹಾಗೆ ಬೆಳೆದದ್ದಕ್ಕೂ ‘ಕಲ್ಚರ್’ ಅನ್ನುತ್ತಾರೆ. ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಿವಿಗೆ ಬೀಳುವ ಮಾತು ಇದು. ‘ಕಲ್ಚರ್ ಹಾಕಿದೆಯಾ?’, ‘ಕಲ್ಚರ್ ಕೆಟ್ಟಿದೆ, ಬಿಸಾಕು.’

‘ಸಂಸ್ಕೃತಿ’ ಇಲ್ಲಿ ಸಲ್ಲುವುದಿಲ್ಲ, ಅದನ್ನು ಬಿಡೋಣ. ‘ಟಿಶ್ಯೂ ಕಲ್ಚರ್’ಗೆ ‘ಅಂಗಾಂಶ ಕೃಷಿ’ ಈಗಾಗಲೇ ಬಳಕೆಯಲ್ಲಿದೆ. ಗಿಡದ ತುಣುಕಿನಿಂದ ಸಸಿ ಮಾಡುವಾಗ ಅದು ಚೆನ್ನಾಗಿಯೇ ಒಪ್ಪುತ್ತದೆ. ತೊಡಕಾಗುವುದು ಪ್ರಾಣಿಗಳ ಜೀವಕೋಶಕ್ಕೆ ಬಂದಾಗ. ನಾವು ಗಿಡ ಬೆಳೆಸುತ್ತೇವೆ, ಪ್ರಾಣಿ ಸಾಕುತ್ತೇವೆ. ಲ್ಯಾಟಿನ್ನಿನ ಮೂಲಪದದಲ್ಲಿ ಉಳುವುದು, ಆರೈಕೆ ಮಾಡುವುದು ಎರಡೂ ಸೇರಿಕೊಂಡಿವೆ. ಕನ್ನಡ ಅವನ್ನು ಬೇರೆಯಾಗಿಯೇ ಇಟ್ಟಿದೆ.

ಕೆಲಸ ನೋಡಿದರೆ ನನಗೆ ‘ಸಾಕಣೆ’ಯೇ ಸರಿ ಅನ್ನಿಸುತ್ತದೆ. ಮನುಷ್ಯರ ಜೀವಕೋಶಗಳನ್ನು 37 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ, ಸಾಮಾನ್ಯವಾಗಿ 5% ಕಾರ್ಬನ್ ಡೈಆಕ್ಸೈಡ್ ಇರುವ ಪೆಟ್ಟಿಗೆಯಲ್ಲಿ ಇಡುತ್ತಾರೆ. ಅವು ಬೆಳೆಯುವುದು ಪೋಷಕಾಂಶ ಬೆರೆಸಿದ ದ್ರವದಲ್ಲಿ. ಎರಡು ಮೂರು ದಿನಕ್ಕೊಮ್ಮೆ ಹಳೆಯ ದ್ರವ ತೆಗೆದು ಹೊಸದು ಹಾಕಬೇಕು. ಇದಕ್ಕೆ ಲ್ಯಾಬಿನವರು ‘ಫೀಡ್ ಮಾಡುವುದು’ ಅನ್ನುತ್ತಾರೆ. ಭಾನುವಾರವಾದರೂ ಯಾರಾದರೊಬ್ಬರು ಬರಲೇಬೇಕು. 1951ರಲ್ಲಿ ಅಮೆರಿಕದ ಹೆನ್ರಿಯೆಟಾ ಲ್ಯಾಕ್ಸ್ ಅನ್ನುವ ಮಹಿಳೆಯ ಕ್ಯಾನ್ಸರ್ ಗಡ್ಡೆಯಿಂದ, ಅವರನ್ನು ಕೇಳದೆಯೇ ತೆಗೆದ ಜೀವಕೋಶಗಳ ಸಂತತಿ ಇವತ್ತಿಗೂ ಹೀಲಾ ಅನ್ನುವ ಹೆಸರಲ್ಲಿ ಲೋಕದ ಎಷ್ಟೋ ಲ್ಯಾಬುಗಳಲ್ಲಿ ಬದುಕಿದೆ. ಇಷ್ಟು ಜನರ ಕೈ ದಾಟಿ ಬಂದ ಜೀವಕ್ಕೆ ‘ಸಾಕು’ ಅನ್ನುವ ಕ್ರಿಯಾಪದ ಸಿಗಬೇಕು, ಅಲ್ವಾ?

ಆದರೆ ಕೃಷಿ, ಸಾಕಣೆ ಎರಡೂ ಕೆಲಸದ ಹೆಸರುಗಳು. ಫ್ಲಾಸ್ಕಿನೊಳಗೆ ಇರುವುದಕ್ಕೆ ಏನನ್ನಬೇಕು? ‘ಸಾಕಣೆ ಕೆಟ್ಟಿದೆ’ ಅಂದರೆ ದೂರು ಸಾಕುವವರ ಮೇಲೆ ಹೋಗುತ್ತದೆ! ಇಲ್ಲಿ ‘ಬೆಳೆ’ ನನಗೆ ಇಷ್ಟ. ‘ಬ್ಯಾಕ್ಟೀರಿಯಾ ಬೆಳೆ’ ಅಂದರೆ ಅಗರ್ (ಬ್ಯಾಕ್ಟೀರಿಯಾ ಬೆಳೆಸಲು ಬಳಸುವ, ಜೆಲ್ಲಿಯಂಥ ವಸ್ತು) ತಟ್ಟೆಯ ಮೇಲಿನ ಚುಕ್ಕೆಗಳಿಗೂ, ರಾತ್ರಿ ಕಳೆಯುವಷ್ಟರಲ್ಲಿ ಮಬ್ಬಾಗುವ ದ್ರವಕ್ಕೂ ಹೊಂದುತ್ತದೆ.

ಇನ್ನೊಂದು ಪದ ‘ಪಾಸೇಜ್’. ತಳಕ್ಕೆ ಅಂಟಿ ಬೆಳೆಯುವ ಜೀವಕೋಶಗಳು ಜಾಗ ತುಂಬುತ್ತಾ ಬಂದಾಗ ಟ್ರಿಪ್ಸಿನ್ ಅನ್ನುವ ಕಿಣ್ವ ಹಾಕಿ ಬಿಡಿಸುತ್ತಾರೆ. ಒಂದು ಪಾಲನ್ನು ಹೊಸ ಫ್ಲಾಸ್ಕಿಗೆ ಹಾಕುತ್ತಾರೆ. ಅಲ್ಲಿ ಅವು ಮತ್ತೆ ಅಂಟಿಕೊಂಡು ಹರಡುತ್ತವೆ. ಒತ್ತಾಗಿ ಬೆಳೆದ ಸಸಿಯನ್ನು ಮಡಿಯಿಂದ ಕಿತ್ತು ಗದ್ದೆಯಲ್ಲಿ ನೆಡುವ ಹಾಗೆಯೇ ಇದು. ಅದಕ್ಕೇ ‘ಮರುನಾಟಿ’ ಅನ್ನಬಹುದೇ? ಪಾಸೇಜ್ ಸಂಖ್ಯೆಯನ್ನು ಫ್ಲಾಸ್ಕಿನ ಮೇಲೆ ಬರೆದಿರುತ್ತಾರೆ. ‘ಇದು 12ನೇ ನಾಟಿ’ ಅಂದರೆ ಹೊಸಬರಿಗೂ ತಿಳಿಯುತ್ತದೆ. ದ್ರವದಲ್ಲಿ ತೇಲುತ್ತಾ ಬೆಳೆಯುವ ಬ್ಯಾಕ್ಟೀರಿಯಾಗೆ ಮಾತ್ರ ಇದು ಒಗ್ಗದು. ಅಲ್ಲಿ ಬಿಡಿಸುವ ಕೆಲಸವೇ ಇಲ್ಲ. ಹಳೆಯದರ ಒಂದಿಷ್ಟನ್ನು ಹೊಸ ದ್ರವಕ್ಕೆ ಬಿಟ್ಟರೆ ಆಯಿತು. ಅದಕ್ಕೆ ‘ಬಿತ್ತನೆ’ ಸಾಕು.

‘ಕಂಟಾಮಿನೇಶನ್’, ಅಂದರೆ ಬೇಡದ ಜೀವಿ ಒಳಹೊಕ್ಕು ಬೆಳೆ ಕೆಡುವುದು. ಇದಕ್ಕೆ ‘ಕಲಬೆರಕೆ’ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದರಲ್ಲಿ ಯಾರೋ ಬೇಕಂತಲೇ ಬೆರೆಸಿದ ಅರ್ಥ ಜಾಸ್ತಿ. ಶಿಲೀಂಧ್ರ ಬಂದರೆ ‘ಬೂಷ್ಟು ಹಿಡಿದಿದೆ’ ಅನ್ನಬಹುದು. ಬೇರೆ ಬ್ಯಾಕ್ಟೀರಿಯಾ ಹೊಕ್ಕು ದ್ರವ ಮಬ್ಬಾಗಿ ಹಳದಿಗೆ ತಿರುಗಿದಾಗ ಹೇಳಲು ನನಗೆ ಒಳ್ಳೆಯ ಪದ ಸಿಕ್ಕಿಲ್ಲ.

ನನ್ನ ಕೇಳಿಕೆ ಇಷ್ಟು. ಒಂದೇ ಇಂಗ್ಲಿಷ್ ಪದಕ್ಕೆ ಸಂದರ್ಭ ನೋಡಿ ಸಾಕಣೆ, ಬೆಳೆ ಎಂದು ಎರಡು ಪದ ಬಳಸಿದರೆ ಓದುವವರಿಗೆ ಗೊಂದಲವಾದೀತೇ? ‘ಮರುನಾಟಿ’ಯನ್ನು ಪ್ರಾಣಿ ಜೀವಕೋಶಕ್ಕೆ ಬಳಸುವುದು ನಿಮ್ಮ ಕಿವಿಗೆ ಒಪ್ಪುತ್ತದೆಯೇ? ಲ್ಯಾಬಿನಲ್ಲಿ ಕೆಲಸ ಮಾಡುವವರು ತಮ್ಮೊಳಗೆ ಬೇರೆ ಕನ್ನಡ ಪದ ಬಳಸುತ್ತಿದ್ದರೆ ದಯವಿಟ್ಟು ತಿಳಿಸಿ.