ಓದುಗರ ಸ್ಪಂದನ: ಒಬ್ಬಳೇ ಡಬ್ಬಿ ತಿನ್ನುವ ಮಗಳು

(ಕುಂದಗೋಳದ ಕನ್ನಡ ಶಾಲೆಯಲ್ಲಿ 7ನೇ ತರಗತಿ ಮುಗಿಸಿದ ಮಗಳು ಈಗ ಹುಬ್ಬಳ್ಳಿಯ ಇಂಗ್ಲಿಷ್ ಮಾಧ್ಯಮ ಹೈಸ್ಕೂಲಿನಲ್ಲಿದ್ದಾಳೆ. ಗೆಳತಿಯರಿಲ್ಲ, ಒಬ್ಬಳೇ ಡಬ್ಬಿ ತಿನ್ನುತ್ತಾಳೆ, ಸೋಮವಾರ ಬಂತೆಂದರೆ ಹೊಟ್ಟೆನೋವು ಎಂದು ತಾಯಿಯೊಬ್ಬರು ಬರೆದಿದ್ದರು.)

ಅಕ್ಕಾರ, ನೀವೇ ಶಾಲೆಗೆ ಹೋಗಿ ಆ ಹುಡುಗಿಯರಿಗೆ ‘ನನ್ನ ಮಗಳನ್ನೂ ಸೇರಿಸಿಕೊಳ್ಳಿರಿ’ ಅಂತ ಹೇಳಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಆ ವಯಸ್ಸಿನ ಹುಡುಗಿಗೆ ಅವ್ವ ಬಂದು ಗೆಳೆತನ ಬೇಡುವುದಕ್ಕಿಂತ ದೊಡ್ಡ ನಾಚಿಕೆ ಇಲ್ಲ. ಕ್ಲಾಸ್ ಟೀಚರನ್ನು ಮಾತ್ರ ಕಾಣಿರಿ, ಅದೂ ಮಗಳಿಗೆ ಹೇಳಿಯೇ. ಪ್ರಾಜೆಕ್ಟು, ಪ್ರಯೋಗ ಬಂದಾಗ ‘ನೀವೇ ಗುಂಪು ಮಾಡಿಕೊಳ್ಳಿ’ ಎನ್ನದೆ ಚೀಟಿ ಎತ್ತಿಸಲು ಕೇಳಿರಿ. ಮಕ್ಕಳಿಗೇ ಬಿಟ್ಟರೆ ಕೊನೆಗೆ ಉಳಿಯುವವಳು ಪ್ರತಿಸಲ ಅವಳೇ. ಗುಂಪಿನಲ್ಲಿ ಒಬ್ಬಳು ಅಳೆಯಲಿ, ಒಬ್ಬಳು ಬರೆಯಲಿ, ಒಬ್ಬಳು ಎದ್ದು ಹೇಳಲಿ. ಯಾರನ್ನೂ ಬಿಟ್ಟು ಕೆಲಸ ಮುಗಿಯದಂತಿರಬೇಕು. ಇಡೀ ಕ್ಲಾಸು ಒಲಿಯಬೇಕಾಗಿಲ್ಲ, ಒಬ್ಬಳು ಸಿಕ್ಕರೆ ಸಾಕು. ಶನಿವಾರ ಮಧ್ಯಾಹ್ನ ಅವಳನ್ನು ಮನೆಗೆ ಕರೆಯಿರಿ. ಗಿರ್ಮಿಟ್ ಕೊಟ್ಟು ನೀವು ಅಡುಗೆಮನೆಯಲ್ಲೇ ಇರಿ, ನಡುವೆ ಬಂದು ಮಾರ್ಕ್ಸ್ ಕೇಳಬೇಡಿರಿ!
– ನಿವೃತ್ತ ಶಿಕ್ಷಕಿ, ಗದಗ

ನಾನೂ ಕನ್ನಡ ಶಾಲೆಯಿಂದ ಇಂಗ್ಲಿಷ್ ಮಾಧ್ಯಮಕ್ಕೆ ಹೋದವಳು. ಅವರೇನೂ ಕೆಟ್ಟ ಹುಡುಗಿಯರಾಗಿರಲಿಲ್ಲ ಆಂಟಿ. ಅವರ ಜೋಕು ನನಗೆ ತಿಳಿಯುವಷ್ಟರಲ್ಲಿ ಎಲ್ಲರೂ ನಕ್ಕು ಮುಗಿಸಿರುತ್ತಿದ್ದರು, ಸುಮ್ಮನಿರುವ ನನ್ನನ್ನು ಜಂಬದವಳು ಅಂದುಕೊಂಡಿದ್ದರು. ಖೋ-ಖೋ ತಂಡಕ್ಕೆ ಸೇರಿದ ಮೇಲೆ ಸರಿಹೋಯಿತು. ಅಲ್ಲಿ ಇಂಗ್ಲಿಷ್ ಯಾರಿಗೂ ಬೇಕಾಗಲಿಲ್ಲ. ನಿಮ್ಮ ಮಗಳಿಗೆ ಓಡುವುದು ಇಷ್ಟವೋ, ಚಿತ್ರ ಬಿಡಿಸುವುದೋ? ಪತ್ರದಲ್ಲಿ ಅದನ್ನು ನೀವು ಬರೆದೇ ಇಲ್ಲ.
– ಪಿಯು ವಿದ್ಯಾರ್ಥಿನಿ, ರಾಣೇಬೆನ್ನೂರು

ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿರಿ. ಜೊತೆ ಸಿಗದೆ ಒಬ್ಬಳೇ ಕೂರುವುದು ಬೇರೆ. ಬೇಕಂತಲೇ ಆಡಿಕೊಳ್ಳುವುದು, ಬ್ಯಾಗ್ ಅಡಗಿಸುವುದು, ವಾಟ್ಸಾಪಿನಲ್ಲಿ ಫೋಟೋ ಹಾಕಿ ನಗುವುದು ಬೇರೆ. ಎರಡನೆಯದಾಗಿದ್ದರೆ ಚೀಟಿ, ಗಿರ್ಮಿಟ್ ಸಾಲುವುದಿಲ್ಲ. ಸ್ಕ್ರೀನ್‌ಶಾಟ್ ಇಟ್ಟುಕೊಂಡು ಮುಖ್ಯೋಪಾಧ್ಯಾಯರಿಗೆ ಬರವಣಿಗೆಯಲ್ಲೇ ದೂರು ಕೊಡಿರಿ. ಅವರೂ ಕಿವಿಗೆ ಹಾಕಿಕೊಳ್ಳದಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ.
– ಇಬ್ಬರು ಮಕ್ಕಳ ತಂದೆ, ಧಾರವಾಡ

ಸೋಮವಾರದ ಹೊಟ್ಟೆನೋವನ್ನು ನಾಟಕ ಅನ್ನಬೇಡಿ. ಮನಸ್ಸಿನ ಆತಂಕಕ್ಕೆ ಹೊಟ್ಟೆ ನಿಜವಾಗಿಯೂ ನೋಯುತ್ತದೆ. ಊಟ, ನಿದ್ದೆಯೂ ಕೆಟ್ಟು ವಾರಗಟ್ಟಲೆ ಹಾಗೇ ಇದ್ದರೆ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆದೊಯ್ಯಿರಿ, ನಿಮಗೆ ದೂರವೇನಲ್ಲ. ಅಷ್ಟರೊಳಗೆ ಮಾತಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416: ಉಚಿತ, 24 ತಾಸೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮಗಳಷ್ಟೇ ಅಲ್ಲ, ನೀವೂ ಕರೆ ಮಾಡಬಹುದು.
– ಆರೋಗ್ಯ ಕಾರ್ಯಕರ್ತೆ, ಹಾವೇರಿ