ಅಪ್‌ಡೇಟ್: ಈಕೋ ಕ್ಯಾಂಪರ್‌ನ ಮಳೆ ಸದ್ದು ಮತ್ತು ಬ್ಯಾಟರಿ
ಪುಣೆಯ ನಮ್ಮ ಮಾರುತಿ ಈಕೋ ವ್ಯಾನನ್ನು ಕ್ಯಾಂಪರ್ (ಒಳಗೇ ಮಲಗಿ ಪ್ರವಾಸ ಮಾಡುವ ಗಾಡಿ) ಮಾಡುವಾಗ ಮಳೆ ಸದ್ದು ತಗ್ಗಿಸೋದು ಹೇಗೆ, ಫ್ರಿಜ್‌ಗೆ ಯಾವ ಬ್ಯಾಟರಿ ಅಂತ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್.

ಬ್ಯೂಟೈಲ್ ಶೀಟನ್ನು (ರಬ್ಬರಿನಂಥ ಅಂಟು ಹಾಳೆ) ಇಡೀ ತಗಡಿಗೆ ಅಂಟಿಸಲಿಲ್ಲ. ಪ್ರತಿ ಪ್ಯಾನೆಲ್‌ನ ನಡುವೆ ಮೂರರಲ್ಲೊಂದು ಭಾಗ ಸಾಕಾಯಿತು. ತಗಡಿನ ನಡುಕ ತಗ್ಗಿಸೋದಷ್ಟೇ ಅದರ ಕೆಲಸ, ಅಲ್ವಾ? ಅದರ ಮೇಲೆ ಫೋಮ್ ಹಾಕಿದೆ. ಪುಣೆ ಹತ್ತಿರದ ತಾಮ್ಹಿಣಿ ಘಾಟಿನ ಮಳೆಯಲ್ಲೂ ಈಗ ಹಿಂದೆ ಕೂತವರ ಮಾತು ಕೇಳಿಸುತ್ತದೆ. ಎಂಜಿನ್ ಮುಂದಿನ ಸೀಟಿನ ಕೆಳಗೇ ಇದೆ, ಹಾಗಾಗಿ ಆ ಗುಡುಗುಡು ಪೂರ್ತಿ ಹೋಗಿಲ್ಲ.

ಬ್ಯಾಟರಿ ಲಿಥಿಯಂ ಐರನ್ ಫಾಸ್ಫೇಟ್: 12.8 ವೋಲ್ಟ್, 100 ಆಂಪಿಯರ್-ಅವರ್, ಅಂದ್ರೆ 1,280 ವ್ಯಾಟ್-ಅವರ್. ಗಾಡಿ ಓಡುವಾಗ ಡಿಸಿ-ಡಿಸಿ ಚಾರ್ಜರ್ (ಗಾಡಿಯ ಕರೆಂಟನ್ನು ಈ ಬ್ಯಾಟರಿಗೆ ಹೊಂದುವಂತೆ ಮಾಡಿ ಕೊಡುವ ಸಾಧನ) ಅದನ್ನು ತುಂಬಿಸುತ್ತದೆ. ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ ಇದೆ. ವೈರೆಲ್ಲ ಪುಣೆಯ ಬುಧವಾರ ಪೇಟೆಯ ತಾಪ್ಕೀರ್ ಗಲ್ಲಿಯಲ್ಲೇ ಸಿಕ್ಕಿತು. ಮಂಚ ಬಾಕಿ ಇದೆ, ಅದಕ್ಕೆ ಮೊದಲು ಆರ್‌ಟಿಒ ಅನುಮತಿ ಕೇಳಬೇಕು.